ತೊಟ್ಟಿಲ ಬಳಿ ಯಾರಿದ್ದಾರೆ?

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಹಳ್ಳಿಗಳಲ್ಲಿ ದಿನ ಬೇಗನೆ ಆರಂಭವಾಗುತ್ತದೆ. ಹೊತ್ತು ಮೂಡುವ ಮೊದಲೇ ಅಡುಗೆ ಮುಗಿಸಿ, ಬುತ್ತಿ ಕಟ್ಟಿಕೊಂಡು ಹೆಂಗಸರು ಕೆಲಸಕ್ಕೆ ಹೊರಡುತ್ತಾರೆ. ಕೆಲವರು ಗೆಜ್ಜಲಗೆರೆ, ಬಿಡದಿ, ಬೆಂಗಳೂರಿನ ಕಾರ್ಖಾನೆಗಳತ್ತ ರೈಲು, ಬಸ್ಸು, ಟೆಂಪೊ ಹಿಡಿಯುತ್ತಾರೆ. ಉಳಿದವರು ಭತ್ತದ ಗದ್ದೆಗೆ, ಕಬ್ಬಿನ ಹೊಲಕ್ಕೆ, ರೇಷ್ಮೆಹುಳು ಮನೆಗೆ ನಡೆಯುತ್ತಾರೆ. ಇವರಲ್ಲಿ ಎಷ್ಟೋ ಮಂದಿ ವರ್ಷ ತುಂಬದ, ಎರಡು ವರ್ಷ ದಾಟದ ಕೂಸುಗಳನ್ನು ಮನೆಯಲ್ಲಿ ಬಿಟ್ಟು ಬಂದವರು. ಆ ಕೂಸುಗಳನ್ನು ಸಂಜೆಯವರೆಗೆ ಕೆಲವು ಮನೆಗಳಲ್ಲಿ ಅಜ್ಜಿ ನೋಡಿಕೊಳ್ಳುತ್ತಾಳೆ, ಕೆಲವು ಕಡೆ ನೆರೆಮನೆಯಾಕೆ, ಇನ್ನು ಕೆಲವು ಕಡೆ ಶಾಲೆ ತಪ್ಪಿಸಿದ ಅಕ್ಕ.

ಈ ಜಿಲ್ಲೆಯಲ್ಲಿ ಕಾವೇರಿ ನೀರಿನ ಬಗ್ಗೆ, ಕಬ್ಬಿನ ದರದ ಬಗ್ಗೆ, ಎಸ್‌ಎಸ್‌ಎಲ್‌ಸಿ ಫಲಿತಾಂಶದ ಬಗ್ಗೆ ಸಾರ್ವಜನಿಕ ಚರ್ಚೆ ನಡೆಯುತ್ತದೆ. ಅದು ನ್ಯಾಯವೂ ಹೌದು. ಆದರೆ ಹಗಲು ಹೊತ್ತಿನಲ್ಲಿ ಕೂಸಿನ ಬಳಿ ಯಾರಿರುತ್ತಾರೆ ಎಂಬ ಪ್ರಶ್ನೆಯನ್ನು ನಾವು ಪ್ರತಿಯೊಂದು ಕುಟುಂಬದ ಸ್ವಂತ ವಿಷಯವೆಂದು ಪರಿಗಣಿಸಿ ಸುಮ್ಮನಾಗಿದ್ದೇವೆ. ಕಳೆದ ಐದಾರು ದಶಕಗಳ ಶಿಶು ಮನೋವಿಜ್ಞಾನ ಮತ್ತು ನರವಿಜ್ಞಾನದ ಅಧ್ಯಯನಗಳು ಈ ಮೌನ ಎಷ್ಟು ದುಬಾರಿಯಾದುದು ಎಂಬುದನ್ನು ತೋರಿಸಿಕೊಟ್ಟಿವೆ. ಎಳೆಯ ಮಿದುಳು ರೂಪುಗೊಳ್ಳುವುದು ತನ್ನನ್ನು ಬಲ್ಲ, ತನ್ನ ಅಳುವಿಗೆ ಓಗೊಡುವ, ದಿನವೂ ಮರಳಿ ಬರುವ ಕೆಲವೇ ವ್ಯಕ್ತಿಗಳ ಸಹವಾಸದಲ್ಲಿ. ಅಂಥ ಸಹವಾಸ ದೊರೆಯುವುದೂ ದೊರೆಯದಿರುವುದೂ ಬಹುಮಟ್ಟಿಗೆ ಕೂಲಿ, ರಜೆ, ಕಾನೂನು ಮತ್ತು ಸರ್ಕಾರಿ ಆದೇಶಗಳನ್ನು ಅವಲಂಬಿಸಿದೆ.

ಹುಟ್ಟಿದಾಗ ಮಗುವಿನ ಮಿದುಳು ವಯಸ್ಕರ ಮಿದುಳಿನ ಸುಮಾರು ಕಾಲುಭಾಗದಷ್ಟಿರುತ್ತದೆ. ಮೂರು ವರ್ಷ ತುಂಬುವಷ್ಟರಲ್ಲಿ ಅದು ಶೇ 80ರಷ್ಟು, ಐದು ವರ್ಷಕ್ಕೆ ಶೇ 90ರಷ್ಟು ಬೆಳೆದುಬಿಡುತ್ತದೆ. ಮೊದಲ ಕೆಲವು ವರ್ಷಗಳಲ್ಲಿ ನರಕೋಶಗಳ ನಡುವೆ ಪ್ರತಿ ಸೆಕೆಂಡಿಗೆ ಹತ್ತು ಲಕ್ಷಕ್ಕೂ ಹೆಚ್ಚು ಹೊಸ ಸಂಪರ್ಕಗಳು ಏರ್ಪಡುತ್ತವೆ ಎಂದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಮಕ್ಕಳ ಬೆಳವಣಿಗೆ ಅಧ್ಯಯನ ಕೇಂದ್ರ ಅಂದಾಜಿಸಿದೆ. ಹೀಗೆ ಹುಟ್ಟಿದ ಸಂಪರ್ಕಗಳೆಲ್ಲವೂ ಉಳಿಯುವುದಿಲ್ಲ. ಪದೇ ಪದೇ ಬಳಕೆಯಾದುವು ಗಟ್ಟಿಯಾಗುತ್ತವೆ. ಬಳಕೆಯಾಗದವು ಕ್ರಮೇಣ ಅಳಿಯುತ್ತವೆ. ಯಾವುದು ಉಳಿಯಬೇಕು ಎಂಬುದನ್ನು ತೀರ್ಮಾನಿಸುವುದರಲ್ಲಿ ವಂಶವಾಹಿಯಷ್ಟೇ ಅನುಭವದ ಪಾತ್ರವೂ ಇದೆ.

ಇದಕ್ಕೆ ಭಾಷೆಯಿಂದಲೇ ಒಂದು ಉದಾಹರಣೆ ಕೊಡಬಹುದು. ಕೆನಡಾದ ಮನೋವಿಜ್ಞಾನಿ ಜಾನೆಟ್ ವರ್ಕರ್ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಗ್ಲಿಷ್ ಮಾತನಾಡುವ ಮನೆಗಳ ಆರೆಂಟು ತಿಂಗಳ ಕೂಸುಗಳು ಹಿಂದಿಯ ‘ತ’ ಮತ್ತು ‘ಟ’ ಧ್ವನಿಗಳ ವ್ಯತ್ಯಾಸವನ್ನು ಸುಲಭವಾಗಿ ಗುರುತಿಸಿದವು. ವರ್ಷ ತುಂಬುವ ವೇಳೆಗೆ ಆ ಸಾಮರ್ಥ್ಯ ಬಹುಪಾಲು ಮರೆಯಾಗಿತ್ತು, ಏಕೆಂದರೆ ಅವುಗಳ ಸುತ್ತಲಿನ ಮಾತಿನಲ್ಲಿ ಆ ವ್ಯತ್ಯಾಸಕ್ಕೆ ಬೆಲೆ ಇರಲಿಲ್ಲ. ಮಂಡ್ಯದ ಕೂಸು ಇವೆರಡನ್ನೂ ಜೀವನಪೂರ್ತಿ ಉಳಿಸಿಕೊಳ್ಳುತ್ತದೆ. ‘ತಟ್ಟೆ’ ಎಂಬ ಮಾತನ್ನು ಅದು ಆಡುವ ಮುನ್ನವೇ ಸಾವಿರ ಬಾರಿ ಕೇಳಿಸಿಕೊಂಡಿರುತ್ತದೆ.

ಮಿದುಳಿನ ಈ ಕೆಲಸ ನಡೆಯುವುದು ಅತ್ಯಂತ ಸಾಮಾನ್ಯ ಕ್ಷಣಗಳಲ್ಲಿ. ಕೂಸು ಉಲಿಯುತ್ತದೆ, ಅವ್ವ ಅದೇ ರಾಗದಲ್ಲಿ ಮರುನುಡಿಯುತ್ತಾಳೆ. ಕೂಸು ಕೋಳಿಯತ್ತ ಕಣ್ಣು ಹೊರಳಿಸುತ್ತದೆ, ಅಜ್ಜಿ ಅದರ ಹೆಸರು ಹೇಳುತ್ತಾಳೆ. ಎಣ್ಣೆ ತಿಕ್ಕಿ ನೀರು ಹಾಕುವಾಗಿನ ಮಾತು, ತಾರಮ್ಮಯ್ಯ ಆಡಿಸುವುದು, ಚಂದಮಾಮನನ್ನು ತೋರಿಸಿ ತುತ್ತು ಉಣಿಸುವುದು, ತೊಟ್ಟಿಲು ತೂಗುವ ದನಿ ಇವೆಲ್ಲ ಕೊಡುಕೊಳುವಿಕೆಗಳೇ. ಮಗು ಒಂದು ಸಂಜ್ಞೆ ಕೊಡುತ್ತದೆ, ದೊಡ್ಡವರು ಉತ್ತರಿಸುತ್ತಾರೆ. ಭಾಷೆ, ಗಮನ, ಆತ್ಮನಿಯಂತ್ರಣ, ಇನ್ನೊಬ್ಬರ ಮೇಲಿನ ನಂಬಿಕೆ ಇವಕ್ಕೆಲ್ಲ ಬೇಕಾದ ತಳಹದಿ ಇಂಥ ಸಣ್ಣ ಉತ್ತರಗಳಿಂದ ಕಟ್ಟಲ್ಪಡುತ್ತದೆ.

ಉತ್ತರ ಸಿಗದಿದ್ದರೆ ಏನಾಗುತ್ತದೆ ಎಂಬುದನ್ನು ಅಮೆರಿಕದ ಎಡ್ವರ್ಡ್ ಟ್ರಾನಿಕ್ 1970ರ ದಶಕದಲ್ಲಿ ಸರಳ ಪ್ರಯೋಗವೊಂದರ ಮೂಲಕ ತೋರಿಸಿದರು. ತನ್ನ ಕೂಸಿನೊಡನೆ ನಗುನಗುತ್ತಾ ಮಾತನಾಡುತ್ತಿದ್ದ ತಾಯಿ ಒಂದೆರಡು ನಿಮಿಷ ಮುಖದಲ್ಲಿ ಯಾವ ಭಾವವನ್ನೂ ತೋರದೆ ಕುಳಿತುಬಿಡುತ್ತಾಳೆ. ಕೂಸು ಮೊದಲು ನಗುತ್ತದೆ, ಕೈ ಚಾಚುತ್ತದೆ, ಕೂಗುತ್ತದೆ. ಪ್ರಯೋಜನವಾಗದಿದ್ದಾಗ ಮುಖ ತಿರುಗಿಸಿ ಕುಗ್ಗಿಹೋಗುತ್ತದೆ. ಪ್ರಯೋಗ ಮುಗಿದೊಡನೆ ತಾಯಿ ಎತ್ತಿಕೊಂಡು ಸಂತೈಸುತ್ತಾಳೆ, ಕೂಸು ಚೇತರಿಸಿಕೊಳ್ಳುತ್ತದೆ. ಆ ನಿರ್ಭಾವದ ಮುಖವೇ ತಿಂಗಳುಗಟ್ಟಲೆ ಎದುರಿಗಿದ್ದರೆ ಚೇತರಿಕೆ ಅಷ್ಟು ಸುಲಭವಲ್ಲ.

ಇದರ ಅತಿ ಕರುಣಾಜನಕ ಸಾಕ್ಷ್ಯ ದೊರೆತದ್ದು ರುಮೇನಿಯಾದಲ್ಲಿ. 1989ರ ಡಿಸೆಂಬರ್‌ನಲ್ಲಿ ಚಾಚೆಸ್ಕು ಆಡಳಿತ ಕುಸಿದಾಗ ಅಲ್ಲಿನ ಸರ್ಕಾರಿ ಅನಾಥಾಲಯಗಳಲ್ಲಿ ಲಕ್ಷಕ್ಕೂ ಹೆಚ್ಚು ಮಕ್ಕಳಿದ್ದರು. ಅವರಿಗೆ ಊಟವಿತ್ತು, ಹಾಸಿಗೆಯಿತ್ತು. ಆದರೆ ಒಬ್ಬಳು ಸೇವಕಿ ಹತ್ತಾರು ಮಕ್ಕಳನ್ನು ನೋಡಿಕೊಳ್ಳಬೇಕಿತ್ತು ಮತ್ತು ಪಾಳಿ ಬದಲಾದಂತೆಲ್ಲ ಮುಖವೂ ಬದಲಾಗುತ್ತಿತ್ತು. ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್ ಮತ್ತು ಚಾರ್ಲ್ಸ್ ಝೀನಾ ಎಂಬ ವಿಜ್ಞಾನಿಗಳು ಬುಕಾರೆಸ್ಟ್‌ನಲ್ಲಿ ಇಂಥ 136 ಎಳೆಯ ಮಕ್ಕಳ ಅಧ್ಯಯನವನ್ನು ಕೈಗೊಂಡು, ಅರ್ಧದಷ್ಟು ಮಕ್ಕಳನ್ನು ತರಬೇತಿ ಪಡೆದ ಸಾಕುಕುಟುಂಬಗಳಿಗೆ ಕಳುಹಿಸಿದರು. ಕುಟುಂಬ ಸೇರಿದ ಮಕ್ಕಳ ಬುದ್ಧಿಮಟ್ಟ, ಮಿದುಳಿನ ವಿದ್ಯುತ್ ಚಟುವಟಿಕೆ, ಬಾಂಧವ್ಯ ಬೆಳೆಸುವ ಶಕ್ತಿ ಎಲ್ಲವೂ ಸುಧಾರಿಸಿದವು. ಎರಡು ವರ್ಷ ತುಂಬುವ ಮೊದಲೇ ಕುಟುಂಬ ಸೇರಿದವರಲ್ಲಿ ಈ ಸುಧಾರಣೆ ಹೆಚ್ಚಾಗಿತ್ತು. ಅನ್ನ, ಲಸಿಕೆ ಮತ್ತು ಸೂರು ಇದ್ದರೂ ಗುರುತಿನ ಮುಖವಿಲ್ಲದ ಬಾಲ್ಯ ಮಿದುಳನ್ನು ಸೊರಗಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಪುರಾವೆ ಬೇಕಿಲ್ಲ.

ಈ ವಿಜ್ಞಾನವನ್ನು ತಪ್ಪಾಗಿ ಅರ್ಥೈಸಿಕೊಳ್ಳುವ ಅಪಾಯವೂ ಇದೆ. ಮೂರು ವರ್ಷಕ್ಕೆ ಮಗುವಿನ ಹಣೆಬರಹ ಮುಗಿದುಹೋಗುತ್ತದೆ ಎಂದು ಯಾವ ಜವಾಬ್ದಾರಿಯುತ ವಿಜ್ಞಾನಿಯೂ ಹೇಳುವುದಿಲ್ಲ. ಮಿದುಳು ಆನಂತರವೂ ಕಲಿಯುತ್ತದೆ, ತಿದ್ದಿಕೊಳ್ಳುತ್ತದೆ. ತಡವಾದಷ್ಟೂ ಶ್ರಮ ಹೆಚ್ಚು, ಫಲ ಕಡಿಮೆ, ಅಷ್ಟೇ. ಎರಡನೆಯದಾಗಿ, ತಾಯಿ ದುಡಿಯಲು ಹೋದರೆ ಮಗು ಕೆಡುತ್ತದೆ ಎಂಬ ತೀರ್ಮಾನಕ್ಕೂ ಆಧಾರವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಗಾಗಿ 1951ರಲ್ಲಿ ವರದಿ ಬರೆದ ಬ್ರಿಟನ್ನಿನ ಜಾನ್ ಬೌಲ್ಬಿ ಅವರ ಮಾತನ್ನು ಹಲವರು ಹಾಗೆ ವ್ಯಾಖ್ಯಾನಿಸಿದ್ದುಂಟು. ಆದರೆ ಅಮೆರಿಕದಲ್ಲಿ 1991ರಲ್ಲಿ ಜನಿಸಿದ 1,300ಕ್ಕೂ ಹೆಚ್ಚು ಮಕ್ಕಳನ್ನು ವರ್ಷಾನುಗಟ್ಟಲೆ ಗಮನಿಸಿದ ದೊಡ್ಡ ಅಧ್ಯಯನವೊಂದು, ಹಗಲು ಬೇರೆಯವರ ಆರೈಕೆಯಲ್ಲಿ ಬೆಳೆದ ಮಾತ್ರಕ್ಕೆ ತಾಯಿ–ಮಗುವಿನ ಬಾಂಧವ್ಯ ಶಿಥಿಲವಾಗುವುದಿಲ್ಲ ಎಂಬುದನ್ನು ತೋರಿಸಿತು. ಮನೆಯಲ್ಲಿ ದೊರೆಯುವ ಸ್ಪಂದನೆ ಮತ್ತು ಹೊರಗಿನ ಆರೈಕೆಯ ಗುಣಮಟ್ಟ ಇವೇ ನಿರ್ಣಾಯಕವಾದುವು.

ಅನೇಕ ಕೈಗಳಲ್ಲಿ ಬೆಳೆಯುವುದು ನಮ್ಮ ಸೀಮೆಯ ಮಕ್ಕಳಿಗೆ ಹೊಸದೂ ಅಲ್ಲ. ಅಜ್ಜಿ, ದೊಡ್ಡಮ್ಮ, ಸೋದರತ್ತೆ, ಮಾವ ಇವರೆಲ್ಲರ ಸೊಂಟ, ಹೆಗಲುಗಳ ಮೇಲೆ ಮಕ್ಕಳು ಬೆಳೆದಿದ್ದಾರೆ. ಬಾಣಂತನಕ್ಕೆ ತವರಿಗೆ ಹೋಗುವ ಪದ್ಧತಿಯ ಹಿಂದೆ ಬಾಣಂತಿಗೆ ವಿಶ್ರಾಂತಿ, ಕೂಸಿಗೆ ನುರಿತ ಕೈಗಳ ಆರೈಕೆ ಎಂಬ ಅರಿವಿದೆ. ಆ ಕೈಗಳು ಹಲವಿದ್ದರೂ ಬದಲಾಗುತ್ತಿರಲಿಲ್ಲ ಎಂಬುದು ಇಲ್ಲಿ ಗಮನಾರ್ಹ. ಹಾಗೆಂದು ಈ ವ್ಯವಸ್ಥೆಯನ್ನು ಆದರ್ಶೀಕರಿಸಬೇಕಾಗಿಲ್ಲ. ಸೊಸೆಯ ದುಡಿಮೆಗೆ ಬಿಡುವಿಲ್ಲದ ಮನೆಗಳೂ ಇದ್ದವು, ಎಳೆಯ ವಯಸ್ಸಿನಲ್ಲೇ ತಾಯಂದಿರಾದವರೂ ಇದ್ದರು. ಇಂದು ಆ ಅಜ್ಜಿಯೂ ಕೂಲಿಗೆ ಹೋಗುತ್ತಾಳೆ, ಮಗ ಬೆಂಗಳೂರಿನಲ್ಲಿ ಬೇರೆ ಸಂಸಾರ ಹೂಡಿದ್ದಾನೆ, ಸೋದರತ್ತೆ ಇನ್ನೊಂದು ಕಾರ್ಖಾನೆಯಲ್ಲಿದ್ದಾಳೆ. ಹಳೆಯ ಆಸರೆ ಸಡಿಲಗೊಂಡಿದೆ. ಅದರ ಜಾಗದಲ್ಲಿ ಹೊಸದೊಂದು ಆಸರೆ ಇನ್ನೂ ನಿಂತಿಲ್ಲ.

ಆರೈಕೆ ಮಾಡುವವರ ಮನಸ್ಸು ನೆಟ್ಟಗಿರಬೇಕಾದದ್ದು ಮತ್ತೊಂದು ಷರತ್ತು. ಸಾಲ, ಜಗಳ, ಹೊಡೆತಗಳಿರುವ ಮನೆಯಲ್ಲಿ ಕೂಸಿನ ದೇಹವೂ ಕಾರ್ಟಿಸಾಲ್ ಮುಂತಾದ ಒತ್ತಡದ ರಸದೂತಗಳನ್ನು ಸುರಿಸುತ್ತದೆ. ಎತ್ತಿಕೊಂಡು ಸಂತೈಸುವವರಿದ್ದರೆ ಅದು ಬೇಗ ಇಳಿಯುತ್ತದೆ. ಇಲ್ಲದಿದ್ದರೆ ಏರಿದ ಒತ್ತಡ ಏರಿಯೇ ಉಳಿದು ನೆನಪು, ಕಲಿಕೆ, ರೋಗನಿರೋಧಕ ಶಕ್ತಿಗಳ ಮೇಲೆ ಪರಿಣಾಮ ಬೀರುತ್ತದೆ. 2015ರಲ್ಲಿ ಮಂಡ್ಯ ಜಿಲ್ಲೆಯ ಕಬ್ಬು ಬೆಳೆಗಾರರ ಸರಣಿ ಆತ್ಮಹತ್ಯೆಗಳು ರಾಜ್ಯವನ್ನೇ ಕಲಕಿದಾಗ ನಾವು ಸಾಲದ ಮೊತ್ತವನ್ನು, ಬಾಕಿ ಬಿಲ್ಲನ್ನು ಲೆಕ್ಕ ಹಾಕಿದೆವು. ಆ ಮನೆಗಳ ತೊಟ್ಟಿಲುಗಳಲ್ಲಿದ್ದ ಮಕ್ಕಳನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಂತೆ ಕಾಣಲಿಲ್ಲ.

ಬಾಣಂತಿಯ ಖಿನ್ನತೆ ನಮ್ಮಲ್ಲಿ ಕಾಯಿಲೆ ಎಂದೇ ಗುರುತಿಸಲ್ಪಡುವುದಿಲ್ಲ. ಸೋಮಾರಿತನ, ಹಟ, ಗಾಳಿ ಸೋಕಿದ್ದು ಎಂಬ ಹೆಸರು ಪಡೆಯುತ್ತದೆ. ಡಾ. ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಗೋವಾದಲ್ಲಿ ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೆರಿಗೆಯಾಗಿ ಆರೆಂಟು ವಾರ ಕಳೆದ ತಾಯಂದಿರಲ್ಲಿ ಶೇ 23ರಷ್ಟು ಮಂದಿಗೆ ಖಿನ್ನತೆಯಿತ್ತು. ಬಡತನ, ಗಂಡನ ಹಿಂಸೆಗಳ ಜತೆಗೆ ಹೆಣ್ಣು ಮಗು ಹುಟ್ಟಿದ್ದೂ ಅಪಾಯವನ್ನು ಹೆಚ್ಚಿಸುವ ಅಂಶವಾಗಿತ್ತು. 2023ರಲ್ಲಿ ಮಂಡ್ಯ ಸಮೀಪದ ಹಾಡ್ಯದ ಬಳಿ ಆಲೆಮನೆಯೊಂದರಲ್ಲಿ ಭ್ರೂಣದ ಲಿಂಗ ಪತ್ತೆ ನಡೆಯುತ್ತಿದ್ದುದನ್ನು ಬೆಂಗಳೂರು ಪೊಲೀಸರು ಬಯಲಿಗೆಳೆದಾಗ ನಾವೆಲ್ಲ ಬೆಚ್ಚಿದೆವು. ಹೆಣ್ಣುಕೂಸನ್ನು ಹುಟ್ಟುವ ಮೊದಲೇ ಬೇಡವೆನ್ನುವ ಮನೋಭಾವ ಇರುವಲ್ಲಿ, ಹುಟ್ಟಿ ಬಂದ ಹೆಣ್ಣುಕೂಸಿನ ತಾಯಿ ಮೊದಲ ದಿನದಿಂದಲೇ ಎಂಥ ಮೌನವನ್ನು ಎದುರಿಸುತ್ತಾಳೆ, ಆ ಮೌನ ಕೂಸಿನ ಮುಖಕ್ಕೆ ಹೇಗೆ ತಟ್ಟುತ್ತದೆ ಎಂಬುದನ್ನೂ ನಾವು ಯೋಚಿಸಬೇಕಿತ್ತು.

ಪರಿಹಾರ ದೂರದಲ್ಲಿಲ್ಲ. ಪಾಕಿಸ್ತಾನದ ರಾವಲ್ಪಿಂಡಿ ಪ್ರದೇಶದ ಹಳ್ಳಿಗಳಲ್ಲಿ ಡಾ. ಆತಿಫ್ ರೆಹಮಾನ್ ಮತ್ತು ಸಂಗಡಿಗರು ನಮ್ಮ ಆಶಾ ಕಾರ್ಯಕರ್ತೆಯರಂಥ ಮಹಿಳೆಯರಿಗೆ ಸರಳ ತರಬೇತಿ ನೀಡಿ ಖಿನ್ನ ತಾಯಂದಿರ ಮನೆಗೆ ಕಳುಹಿಸಿದರು. 2008ರಲ್ಲಿ ಪ್ರಕಟವಾದ ಅದರ ಫಲಿತಾಂಶದ ಪ್ರಕಾರ, ಆರು ತಿಂಗಳ ಬಳಿಕ ಆ ತಾಯಂದಿರಲ್ಲಿ ಖಿನ್ನತೆ ಉಳಿದದ್ದು ಶೇ 23ರಷ್ಟು ಮಂದಿಯಲ್ಲಿ. ಈ ನೆರವು ದೊರೆಯದವರಲ್ಲಿ ಶೇ 53ರಷ್ಟು. ಕರ್ನಾಟಕದ ಆಶಾ ಕಾರ್ಯಕರ್ತೆ ಆಸ್ಪತ್ರೆಯಲ್ಲಿ ಹೆರಿಗೆಯಾದ ತಾಯಿಯ ಮನೆಗೆ ಮೊದಲ 42 ದಿನಗಳಲ್ಲಿ ಆರು ಬಾರಿ, ನಂತರ ಮೂರನೆಯ ತಿಂಗಳಿನಿಂದ ಹದಿನೈದನೆಯ ತಿಂಗಳವರೆಗೆ ಐದು ಬಾರಿ ಭೇಟಿ ನೀಡಬೇಕೆಂದು ರಾಷ್ಟ್ರೀಯ ಕಾರ್ಯಕ್ರಮ ವಿಧಿಸುತ್ತದೆ. ಈ ಹನ್ನೊಂದು ಭೇಟಿಗಳಲ್ಲಿ ತೂಕ ಮತ್ತು ಲಸಿಕೆಯ ವಿಚಾರಣೆಯ ಜತೆಗೆ ‘ನಿನಗೆ ನಿದ್ದೆ ಬರುತ್ತದೆಯೇನಮ್ಮ, ಕೂಸಿನ ಜತೆ ಯಾರಿರುತ್ತಾರೆ?’ ಎಂಬ ಪ್ರಶ್ನೆಯೂ ಸೇರಲಿ. ಕಷ್ಟದಲ್ಲಿರುವವರನ್ನು ಮಂಡ್ಯದ ವೈದ್ಯಕೀಯ ವಿಜ್ಞಾನ ಸಂಸ್ಥೆಗೂ, ತೀವ್ರ ಪ್ರಕರಣಗಳನ್ನು 2009ರಿಂದ ತಾಯಿ–ಮಗುವಿನ ಪ್ರತ್ಯೇಕ ಘಟಕ ನಡೆಸುತ್ತಿರುವ ಬೆಂಗಳೂರಿನ ನಿಮ್ಹಾನ್ಸ್‌ಗೂ ಕಳುಹಿಸುವ ದಾರಿ ಸ್ಪಷ್ಟವಾಗಿರಲಿ. ಆದರೆ 2025ರ ಜನವರಿಯಲ್ಲಿ ಕೊರೆಯುವ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಗೌರವಧನಕ್ಕಾಗಿ ಧರಣಿ ಕೂರಬೇಕಾಗಿ ಬಂದವರ ಮೇಲೆ ಇನ್ನಷ್ಟು ಹೊರೆ ಹೊರಿಸುವ ಮುನ್ನ ಅವರ ದುಡಿಮೆಗೆ ತಕ್ಕ ಬೆಲೆ ಕಟ್ಟುವುದು ಸರ್ಕಾರದ ಕರ್ತವ್ಯ.

ಇನ್ನು ಹಗಲಿನ ಆರೈಕೆಯ ಪ್ರಶ್ನೆ. 30ಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವ ಕಾರ್ಖಾನೆಯಲ್ಲಿ ಆರು ವರ್ಷದೊಳಗಿನ ಮಕ್ಕಳಿಗಾಗಿ ಶಿಶುಪಾಲನಾ ಕೊಠಡಿ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆ ವಿಧಿಸಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆ ಈ ಮಿತಿಯನ್ನು 50 ಕಾರ್ಮಿಕರು ಎಂದು ಬದಲಿಸಿದೆ. ಹೆಣ್ಣು, ಗಂಡೆಂಬ ಭೇದವಿಲ್ಲದೆ ಎಣಿಸುವುದರಿಂದ ಮಗುವನ್ನು ನೋಡಿಕೊಳ್ಳುವುದು ತಂದೆಯ ಹೊಣೆಯೂ ಹೌದೆಂಬ ತತ್ವವನ್ನು ಅದು ಒಪ್ಪಿಕೊಂಡಂತಾಗಿದೆ. ಆದರೆ ಕಾನೂನಿನ ಕೊಠಡಿ ಮತ್ತು ಮಗುವಿನ ನಡುವೆ ದೂರವಿದೆ. ಕಿಕ್ಕಿರಿದ ಟೆಂಪೊದಲ್ಲಿ, ನಿಲ್ಲಲೂ ಜಾಗವಿಲ್ಲದ ರೈಲಿನಲ್ಲಿ ಎರಡು ತಾಸು ಪ್ರಯಾಣ ಮಾಡುವ ತಾಯಿ ಕೂಸನ್ನು ಜತೆಗೆ ಒಯ್ಯುವುದಾದರೂ ಹೇಗೆ? ಕಾರ್ಖಾನೆಯ ಬಾಗಿಲಿನಷ್ಟೇ ಊರಿನ ಬಾಗಿಲಿನಲ್ಲೂ ಆರೈಕೆಯ ವ್ಯವಸ್ಥೆ ಬೇಕು.

ಈ ದಿಕ್ಕಿನಲ್ಲಿ ರಾಜ್ಯ ಸರ್ಕಾರ ಇಟ್ಟ ಒಳ್ಳೆಯ ಹೆಜ್ಜೆ ‘ಕೂಸಿನ ಮನೆ’. ಉದ್ಯೋಗ ಖಾತರಿ ಯೋಜನೆಯಲ್ಲಿ ದುಡಿಯುವ ಮಹಿಳೆಯರ ಪುಟ್ಟ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ ಶಿಶುಪಾಲನಾ ಕೇಂದ್ರಗಳನ್ನು ತೆರೆಯುವ ನಿರ್ಧಾರ 2023ರಲ್ಲಿ ಪ್ರಕಟವಾಯಿತು. ಊರಿನ ಹೆಸರನ್ನೇ ಹೇಳುವಷ್ಟು ಆಪ್ತವಾದ ಆ ಹೆಸರೂ ಶ್ಲಾಘನೀಯ. ಆದರೆ ಅದರ ರಚನೆಯಲ್ಲೇ ಒಂದು ದೋಷ ಸೇರಿಕೊಂಡಿತು. ಆರೈಕೆದಾರರ ಸಂಬಳವನ್ನು ಉದ್ಯೋಗ ಖಾತರಿಯ ಕೂಲಿಯಿಂದಲೇ ನೀಡುವ ವ್ಯವಸ್ಥೆ ಮಾಡಲಾಯಿತು. ಆ ಯೋಜನೆಯಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 100 ದಿನಗಳ ಕೂಲಿಯ ಮಿತಿ. ಹಾಗಾಗಿ ಹಲವು ಮಹಿಳೆಯರಿಗೆ ತರಬೇತಿ ನೀಡಿ ಸರದಿಯ ಮೇಲೆ ಕೆಲಸಕ್ಕೆ ಹಚ್ಚಬೇಕಾಯಿತು. ಲೆಕ್ಕಪತ್ರದ ದೃಷ್ಟಿಯಿಂದ ಇದು ಜಾಣತನ. ಹತ್ತು ತಿಂಗಳ ಕೂಸಿನ ದೃಷ್ಟಿಯಿಂದ, ಇದೀಗ ಹೊಂದಿಕೊಂಡಾಕೆ ಮುಂದಿನ ತಿಂಗಳು ಕಾಣೆಯಾಗುತ್ತಾಳೆ, ಹೊಸಬಳೊಬ್ಬಳು ಎತ್ತಿಕೊಳ್ಳಲು ಬರುತ್ತಾಳೆ. ಬುಕಾರೆಸ್ಟ್‌ನ ಅನಾಥಾಲಯಕ್ಕೂ ನಮ್ಮ ಕೂಸಿನ ಮನೆಗೂ ಹೋಲಿಕೆಯಿಲ್ಲ. ಇಲ್ಲಿನ ಮಗು ಸಂಜೆಗೆ ಅವ್ವನ ಮಡಿಲು ಸೇರುತ್ತದೆ. ಆದರೂ ಅಲ್ಲಿಂದ ಕಲಿತ ಪಾಠವನ್ನು ಇಲ್ಲಿ ಮರೆಯುವುದು ಸರಿಯಲ್ಲ.

ಈಗ ಈ ಪ್ರಶ್ನೆ ಇನ್ನಷ್ಟು ತುರ್ತಿನದಾಗಿದೆ. ಉದ್ಯೋಗ ಖಾತರಿ ಕಾಯ್ದೆಯ ಜಾಗಕ್ಕೆ 125 ದಿನಗಳ ಕೆಲಸದ ಭರವಸೆ ನೀಡುವ ಹೊಸ ಕಾಯ್ದೆಯನ್ನು ಸಂಸತ್ತು 2025ರ ಡಿಸೆಂಬರ್‌ನಲ್ಲಿ ಅಂಗೀಕರಿಸಿದೆ. ವೆಚ್ಚದ ದೊಡ್ಡ ಪಾಲು ರಾಜ್ಯಗಳ ಹೆಗಲಿಗೂ ಬಂದಿದೆ. ಈ ಬದಲಾವಣೆಯ ಗದ್ದಲದಲ್ಲಿ ಕೂಸಿನ ಮನೆಗಳು ಅನಾಥವಾಗಬಾರದು. ಇದನ್ನೇ ಸದವಕಾಶವೆಂದು ತಿಳಿದು, ಆರೈಕೆದಾರರನ್ನು ದಿನಗೂಲಿಯ ಲೆಕ್ಕದಿಂದ ಹೊರತಂದು, ಪಂಚಾಯಿತಿಯ ಅಡಿಯಲ್ಲಿ ವರ್ಷವಿಡೀ ದುಡಿಯುವ ಕಾಯಂ ಸ್ವರೂಪದ ಹುದ್ದೆಗಳನ್ನು ಸೃಷ್ಟಿಸಬಹುದು. ಗುಜರಾತಿನ ‘ಸೇವಾ’ ಸಂಘಟನೆಯ ಮಹಿಳೆಯರು 1986ರಲ್ಲಿ ಕಟ್ಟಿದ ‘ಸಂಗಿನಿ’ ಶಿಶುಪಾಲನಾ ಸಹಕಾರ ಸಂಘ ಇದಕ್ಕೆ ಮಾದರಿಯಾಗಬಲ್ಲದು. ಹಾಲು ಉತ್ಪಾದಕರ ಸಹಕಾರ ಸಂಘಗಳನ್ನು ಹಳ್ಳಿಹಳ್ಳಿಯಲ್ಲಿ ಕಟ್ಟಿ ಬೆಳೆಸಿದ ಮಂಡ್ಯ ಜಿಲ್ಲೆಗೆ ಮಕ್ಕಳ ಆರೈಕೆಯ ಸಹಕಾರ ಸಂಘ ಅಸಾಧ್ಯವೇನಲ್ಲ.

ಇಡೀ ವ್ಯವಸ್ಥೆಯಿಂದಲೇ ಹೊರಗುಳಿದ ಮಕ್ಕಳೂ ಇದ್ದಾರೆ. ಕಬ್ಬು ಅರೆಯುವ ಹಂಗಾಮಿನಲ್ಲಿ ಉತ್ತರದ ಜಿಲ್ಲೆಗಳಿಂದ ಕಬ್ಬು ಕಡಿಯಲು ಬರುವ ಕುಟುಂಬಗಳು ಕೆ.ಎಂ.ದೊಡ್ಡಿ, ಕೊಪ್ಪ ಮುಂತಾದ ಸಕ್ಕರೆ ಕಾರ್ಖಾನೆಗಳ ಸುತ್ತಲಿನ ಬಯಲುಗಳಲ್ಲಿ ಗುಡಿಸಲು ಹಾಕುತ್ತವೆ. ಕೂಸನ್ನು ಹೊಲದ ಬದುವಿನ ಮರದ ಕೊಂಬೆಗೆ ಕಟ್ಟಿದ ಸೀರೆಯ ಜೋಲಿಯಲ್ಲಿ ಮಲಗಿಸಿ ತಾಯಿ ಕುಡುಗೋಲು ಹಿಡಿಯುತ್ತಾಳೆ. ಈ ಊರಿನ ಅಂಗನವಾಡಿಯ ಪಟ್ಟಿಯಲ್ಲಿ ಆ ಮಗುವಿನ ಹೆಸರಿರುವುದಿಲ್ಲ. ತವರಿನ ಪಟ್ಟಿಯಲ್ಲಿದ್ದರೂ ಅದು ಅಲ್ಲಿರುವುದಿಲ್ಲ. ದೆಹಲಿಯಲ್ಲಿ 1969ರಲ್ಲಿ ಮೀರಾ ಮಹಾದೇವನ್ ಅವರು ಕಟ್ಟಡ ಕಾರ್ಮಿಕರ ಮಕ್ಕಳಿಗಾಗಿ ಕೆಲಸದ ಜಾಗದಲ್ಲೇ ಶಿಶುಪಾಲನಾ ಕೇಂದ್ರ ಆರಂಭಿಸಿದ್ದರು. ಕಾರ್ಖಾನೆಗಳು, ಪಂಚಾಯಿತಿ ಮತ್ತು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಕೈಜೋಡಿಸಿದರೆ ಹಂಗಾಮಿನ ನಾಲ್ಕೈದು ತಿಂಗಳು ಅಂಥ ಕೇಂದ್ರಗಳನ್ನು ಗುಡಿಸಲುಗಳ ನಡುವೆಯೇ ನಡೆಸಬಹುದು.

ಅಂಗನವಾಡಿಯ ಕಥೆಯನ್ನೂ ಇಲ್ಲಿ ನೆನೆಯಬೇಕು. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ಕರ್ನಾಟಕಕ್ಕೆ ಕಾಲಿಟ್ಟಿದ್ದು ಮಳವಳ್ಳಿಯ ನೆರೆಯ ತಾಲ್ಲೂಕಾದ ತಿರುಮಕೂಡಲು ನರಸೀಪುರದಲ್ಲಿ, 100 ಅಂಗನವಾಡಿಗಳೊಂದಿಗೆ. ಅರ್ಧ ಶತಮಾನದಲ್ಲಿ ಅದು ಹಸಿವು ಮತ್ತು ಸಾವುಗಳ ವಿರುದ್ಧ ಮಾಡಿದ ಕೆಲಸ ದೊಡ್ಡದು. ಆದರೆ ಮೂರು ವರ್ಷ ದಾಟಿದ ಮಗು ಅಂಗನವಾಡಿಯಲ್ಲಿ ಕೂರುತ್ತದೆ. ಮೂರರೊಳಗಿನ ಮಗುವಿಗೆ ಮನೆಗೆ ಕೊಂಡೊಯ್ಯುವ ಪುಷ್ಟಿ ಪೊಟ್ಟಣವೇ ಮುಖ್ಯ ಸೌಲಭ್ಯ. ಮಿದುಳು ಅತಿ ವೇಗವಾಗಿ ಬೆಳೆಯುವ ಅವಧಿಯಲ್ಲೇ ಸರ್ಕಾರದ ಕೈ ಅಷ್ಟಕ್ಕೆ ಮೊಟಕಾಗುತ್ತದೆ. ಕೇಂದ್ರ ಸರ್ಕಾರ 2024ರಲ್ಲಿ ಹುಟ್ಟಿನಿಂದ ಮೂರು ವರ್ಷದವರೆಗಿನ ಮಕ್ಕಳ ಬೆಳವಣಿಗೆಗಾಗಿ ‘ನವಚೇತನ’ ಎಂಬ ಚೌಕಟ್ಟನ್ನು ಪ್ರಕಟಿಸಿದೆ. ತಿಂಗಳುವಾರು ಆಟ, ಮಾತುಗಳ ಚಟುವಟಿಕೆಗಳು ಅದರಲ್ಲಿವೆ. 2017ರ ‘ಮಾತೃಪೂರ್ಣ’ ಯೋಜನೆಯಡಿ ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟದ ವ್ಯವಸ್ಥೆಯಾಯಿತು. ಉಣ್ಣಲು ಬಂದ ತಾಯಂದಿರೊಡನೆ ಹತ್ತು ನಿಮಿಷ ಕುಳಿತು ಕೂಸಿನ ಉಲಿಗೆ ಉತ್ತರಿಸುವುದರ ಮಹತ್ವವನ್ನು ಮಾತನಾಡಲು ಇದಕ್ಕಿಂತ ಒಳ್ಳೆಯ ಸಂದರ್ಭ ಯಾವುದಿದೆ?

ಇಂಥ ಮಾತುಕತೆ ಫಲ ಕೊಡುತ್ತದೆಯೇ ಎಂದು ಅನುಮಾನಿಸುವವರಿಗೆ ಜಮೈಕಾದ ಉದಾಹರಣೆಯಿದೆ. ಸ್ಯಾಲಿ ಗ್ರಾಂಥಮ್–ಮೆಕ್‌ಗ್ರೆಗರ್ ಅವರ ನೇತೃತ್ವದಲ್ಲಿ 1980ರ ದಶಕದ ನಡುವೆ ಕಿಂಗ್‌ಸ್ಟನ್ ನಗರದ ಬಡ ಬಡಾವಣೆಗಳ 129 ಕುಂಠಿತ ಬೆಳವಣಿಗೆಯ ಮಕ್ಕಳನ್ನು ಅಧ್ಯಯನಕ್ಕೆ ಆರಿಸಲಾಯಿತು. ಕೆಲವರ ಮನೆಗಳಿಗೆ ಸಮುದಾಯ ಆರೋಗ್ಯ ಕಾರ್ಯಕರ್ತೆಯರು ವಾರಕ್ಕೊಮ್ಮೆ, ಒಂದು ತಾಸು, ಎರಡು ವರ್ಷ ಹೋದರು. ಕೈಯಾರೆ ಮಾಡಿದ ಆಟಿಕೆಗಳನ್ನು ಹಿಡಿದು ತಾಯಿ ಮಗುವಿನೊಡನೆ ಆಡುವುದನ್ನು, ಮಾತನಾಡುವುದನ್ನು ಪ್ರೋತ್ಸಾಹಿಸಿದರು. ಎರಡು ದಶಕಗಳ ಬಳಿಕ ಆ ಮಕ್ಕಳ ಗಳಿಕೆ ಉಳಿದವರಿಗಿಂತ ಶೇ 25ರಷ್ಟು ಹೆಚ್ಚಿತ್ತು ಎಂದು 2014ರಲ್ಲಿ ಪ್ರಕಟವಾದ ವರದಿ ತಿಳಿಸಿತು. ಕಟ್ಟಡ, ಕಂಪ್ಯೂಟರ್ ಯಾವುದೂ ಬೇಕಾಗಿರಲಿಲ್ಲ. ಬೇಕಾದದ್ದು ಮತ್ತೆ ಮತ್ತೆ ಮರಳಿ ಬರುವ ಒಬ್ಬಳು ಕಾರ್ಯಕರ್ತೆ ಮತ್ತು ಮಗುವಿಗಾಗಿ ಬಿಡುವಿರುವ ಒಬ್ಬಳು ತಾಯಿ.

ಆ ಬಿಡುವೇ ನಮ್ಮಲ್ಲಿ ಅತಿ ಅಸಮಾನವಾಗಿ ಹಂಚಿಕೆಯಾಗಿದೆ. 2017ರ ತಿದ್ದುಪಡಿಯ ಬಳಿಕ ಸಂಘಟಿತ ವಲಯದ ಮಹಿಳೆಗೆ 26 ವಾರಗಳ ವೇತನಸಹಿತ ಹೆರಿಗೆ ರಜೆ ದೊರೆಯುತ್ತಿದೆ. ರಾಜ್ಯ ಸರ್ಕಾರಿ ನೌಕರಿಯಲ್ಲಿರುವ ಮಹಿಳೆಗೆ 2021ರಿಂದ ಶಿಶುಪಾಲನಾ ರಜೆಯೂ ಇದೆ. ಗದ್ದೆಯಲ್ಲಿ ನಾಟಿ ಮಾಡುವವಳಿಗೆ ದೊರೆಯುವುದು ಮಾತೃವಂದನಾ ಯೋಜನೆಯ 5,000 ರೂಪಾಯಿ, ಅದೂ ಮೊದಲ ಮಗುವಿಗೆ. ಎರಡನೆಯದು ಹೆಣ್ಣಾದರೆ 6,000 ರೂಪಾಯಿ. ಆರು ತಿಂಗಳು ಎದೆಹಾಲನ್ನಷ್ಟೇ ನೀಡಬೇಕೆಂದು ಭಿತ್ತಿಪತ್ರ ಅಂಟಿಸುವ ಸರ್ಕಾರ, ಆರು ತಿಂಗಳು ಆಕೆ ಮನೆಯಲ್ಲಿರಲು ಈ ಹಣ ಸಾಕೇ ಎಂದು ಕೇಳಿಕೊಳ್ಳಬೇಕು.

ಓದು ಬಲ್ಲ ಮಧ್ಯಮವರ್ಗದ ನಾವೂ ಆತ್ಮಪರಿಶೀಲನೆ ಮಾಡಿಕೊಳ್ಳಬೇಕಾದ ಮಾತಿದು. ನಮ್ಮ ಮನೆಗಳಲ್ಲಿ ಕೂಸಿನ ಬಳಿ ಜನರಿದ್ದಾರೆ, ಆದರೆ ಅವರ ಕಣ್ಣು ಮೊಬೈಲ್ ಪರದೆಯ ಮೇಲಿದೆ. ಕೂಸಿನ ಕೈಗೂ ಅದನ್ನೇ ಕೊಟ್ಟು ಊಟ ಮಾಡಿಸುತ್ತೇವೆ. ಅಮೆರಿಕದ ಪೆಟ್ರೀಷಿಯಾ ಕೂಲ್ 2003ರಲ್ಲಿ ತೋರಿಸಿದಂತೆ, ಒಂಬತ್ತು ತಿಂಗಳ ಮಕ್ಕಳು ಎದುರಿಗೆ ಕುಳಿತ ವ್ಯಕ್ತಿಯಿಂದ ಚೀನೀ ಭಾಷೆಯ ಧ್ವನಿಗಳನ್ನು ಕಲಿತವು. ಅದೇ ಪಾಠವನ್ನು ಪರದೆಯ ಮೇಲೆ ನೋಡಿದವು ಏನನ್ನೂ ಕಲಿಯಲಿಲ್ಲ. ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡವೆಂದು ಭಾರತೀಯ ಮಕ್ಕಳ ತಜ್ಞರ ಅಕಾಡೆಮಿಯೂ ಸೂಚಿಸಿದೆ. ಹೀಗಿರುವಾಗ ಬುದ್ಧಿ ಚುರುಕಾಗಿಸುವ ಆಟಿಕೆ, ಎರಡೂವರೆ ವರ್ಷಕ್ಕೇ ಪ್ರೀ ನರ್ಸರಿ ಎಂದು ದುಡ್ಡು ಸುರಿಯುವುದರಲ್ಲಿ ಅರ್ಥವಿಲ್ಲ. ತಂದೆಯ ಪಾಲೂ ಇಲ್ಲಿ ಚರ್ಚೆಯಾಗಬೇಕು. ಹಾಲೂಡುವುದೊಂದನ್ನುಳಿದು ಕೂಸಿನ ಆರೈಕೆಯಲ್ಲಿ ಗಂಡಸಿನಿಂದ ಆಗದ ಕೆಲಸವಿಲ್ಲ. ಹಾಗೆಯೇ ನಮ್ಮ ಮಗುವನ್ನು ನೋಡಿಕೊಳ್ಳಲು ಬರುವಾಕೆಯ ಸ್ವಂತ ಕೂಸು ಆ ಹೊತ್ತಿನಲ್ಲಿ ಎಲ್ಲಿದೆ ಎಂದು ವಿಚಾರಿಸುವ ಸೌಜನ್ಯವೂ ನಮಗಿರಲಿ.

ಜಿಲ್ಲಾ ಪಂಚಾಯಿತಿ ಮತ್ತು ಮೂರೂ ತಾಲ್ಲೂಕುಗಳ ಶಾಸಕರು ಈ ವರ್ಷವೇ ಮಾಡಬಹುದಾದ ಕೆಲಸಗಳಿವೆ. ಪ್ರತಿ ಪಂಚಾಯಿತಿಯಲ್ಲಿ ಮೂರು ವರ್ಷದೊಳಗಿನ ಎಷ್ಟು ಮಕ್ಕಳ ತಾಯಂದಿರು ಹಗಲು ಹೊರಗೆ ದುಡಿಯುತ್ತಾರೆ, ಆ ಮಕ್ಕಳನ್ನು ನೋಡಿಕೊಳ್ಳುವವರು ಯಾರು ಎಂಬ ಸಮೀಕ್ಷೆಯನ್ನು ಆಶಾ, ಅಂಗನವಾಡಿ ಕಾರ್ಯಕರ್ತೆಯರ ನೆರವಿನಿಂದ ನಡೆಸಲಿ. ಅದಕ್ಕೆ ಪ್ರತ್ಯೇಕ ಸಂಭಾವನೆ ಕೊಡಲಿ. ಕೂಸಿನ ಮನೆಗಳ ವೇಳೆಯನ್ನು ಕಾರ್ಖಾನೆಯ ಪಾಳಿಗೂ ನಾಟಿ, ಕಟಾವಿನ ಹಂಗಾಮಿಗೂ ಹೊಂದಿಸಲಿ, ಗಾರ್ಮೆಂಟ್ ಮತ್ತು ಕೃಷಿ ಕಾರ್ಮಿಕರ ಮಕ್ಕಳಿಗೂ ಬಾಗಿಲು ತೆರೆಯಲಿ. ಎಲ್ಲಕ್ಕಿಂತ ಮುಖ್ಯವಾಗಿ, ಒಬ್ಬಳು ಆರೈಕೆದಾರಳು ಅದೇ ಮಕ್ಕಳೊಡನೆ ಕನಿಷ್ಠ ಎರಡು ವರ್ಷ ಉಳಿಯುವಂತೆ ನೇಮಕಾತಿಯ ನಿಯಮವನ್ನೂ ಸಂಬಳವನ್ನೂ ಬದಲಿಸಲಿ. ಕೇಂದ್ರಗಳ ಸಂಖ್ಯೆಯನ್ನಷ್ಟೇ ವರದಿಗಳಲ್ಲಿ ತುಂಬಿಸುವ ಬದಲು, ಮಕ್ಕಳ ಬಳಿ ಎಷ್ಟು ಕಾಲ ಒಂದೇ ಮುಖ ಉಳಿಯಿತು ಎಂಬುದನ್ನೂ ದಾಖಲಿಸುವ ಪದ್ಧತಿ ಬರಲಿ.

ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದಲ್ಲಿರುವ ಮಳವಳ್ಳಿಯ ರೈತರಿಗೆ ಈ ವಾದವನ್ನು ಬಿಡಿಸಿ ಹೇಳಬೇಕಾಗಿಲ್ಲ. ಪೈರು ಹೊಡೆ ತುಂಬುವ ಕಾಲಕ್ಕೆ ಬಾರದ ನೀರು ಆನಂತರ ಎಷ್ಟು ಹರಿದರೂ ಇಳುವರಿಯನ್ನು ಮರಳಿಸದು ಎಂಬುದು ಅವರ ಅನುಭವ. ಶಾಲೆ, ಕೌಶಲ ತರಬೇತಿ, ಉದ್ಯೋಗ ಮೇಳಗಳಿಗೆ ನಾವು ಹರಿಸುವ ಹಣವೆಲ್ಲ ಮುಂದಿನ ವರ್ಷಗಳದ್ದು. ಮೊದಲ ಸಾವಿರ ದಿನಗಳ ನೀರು ಕಾಲಕ್ಕೆ ಸರಿಯಾಗಿ, ನಾಲೆಯ ತುದಿಯಲ್ಲಿರುವ ಗುಡಿಸಲಿನ ಕೂಸಿಗೂ ತಲುಪುವಂತೆ ನೋಡಿಕೊಳ್ಳುವ ಹೊಣೆಯನ್ನು ಮುಂಬರುವ ಆಯವ್ಯಯದಲ್ಲಿ ರಾಜ್ಯ ಸರ್ಕಾರ ಹೊರಬೇಕು; ಅದನ್ನು ಕೇಳಿ ಪಡೆಯುವ ಹೊಣೆ ನಮ್ಮೆಲ್ಲರದು.